ಮಿಕ್ಸಿ, ಬ್ಲೆಂಡರ್, ಗ್ರೈಂಡರ್: ನಿಮ್ಮ ಅಡುಗೆಮನೆಗೆ ಯಾವುದು?

ಅಂಗಡಿಗೆ ಹೋಗಿ ಮಿಕ್ಸಿ ಬೇಕೆಂದರೆ ಮಾರಾಟಗಾರರು ಕೇಳುವ ಮೊದಲ ಪ್ರಶ್ನೆ ಎಷ್ಟು ವಾಟಿನದು ಎಂಬುದು. ಎರಡನೆಯದು ಮೂರು ಜಾರಿನದೋ ನಾಲ್ಕು ಜಾರಿನದೋ ಎಂಬುದು. ಈ ಎರಡೂ ಪ್ರಶ್ನೆಗಳಿಗೆ ಅರ್ಥವಿದೆಯಾದರೂ ಅವು ಬರಬೇಕಾದದ್ದು ಮೂರನೆಯ ಪ್ರಶ್ನೆಯ ನಂತರ, ಮತ್ತು ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ನಿಮ್ಮ ಮನೆಯಲ್ಲಿ ದಿನನಿತ್ಯ ನಡೆಯುವ ಕೆಲಸ ಯಾವುದು? ಕನ್ನಡದಲ್ಲಿ ಇದಕ್ಕೆ ಉತ್ತರ ಕ್ರಿಯಾಪದಗಳಲ್ಲೇ ಇದೆ. ನಾವು ಅಕ್ಕಿ ಉದ್ದನ್ನು ರುಬ್ಬುತ್ತೇವೆ, ಮಸಾಲೆಯನ್ನು ಅರೆಯುತ್ತೇವೆ, ರಾಗಿಯನ್ನು ಬೀಸುತ್ತೇವೆ, ಮೆಣಸಿನಕಾಯಿಯನ್ನು ಕುಟ್ಟುತ್ತೇವೆ, ಮಜ್ಜಿಗೆಯನ್ನು ಕಡೆಯುತ್ತೇವೆ. (ಕರಾವಳಿಯವರು ಮಸಾಲೆಯನ್ನೂ ಕಡೆಯುತ್ತಾರೆ, ಅವರೊಂದಿಗೆ ಈ ವಿಷಯದಲ್ಲಿ ವಾದಕ್ಕಿಳಿಯುವುದು ಬೇಡ.) ಒಂದೊಂದು ಕ್ರಿಯೆಗೂ ಒಂದೊಂದು ಸಾಧನವಿತ್ತು: ರುಬ್ಬುವ ಕಲ್ಲು, ಅರೆಯುವ ಕಲ್ಲು, ಬೀಸುವ ಕಲ್ಲು, ಒರಳು ಒನಕೆ, ಕಡೆಗೋಲು. ಇಂದು ಮಾರಾಟಕ್ಕಿರುವ ಪ್ರತಿಯೊಂದು ಯಂತ್ರವೂ ಈ ಐದನ್ನೂ ತಾನೊಂದೇ ಮಾಡುವುದಾಗಿ ಪೆಟ್ಟಿಗೆಯ ಮೇಲೆ ಬರೆದುಕೊಂಡಿರುತ್ತದೆ. ಐದನ್ನೂ ಚೆನ್ನಾಗಿ ಮಾಡುವ ಯಂತ್ರವನ್ನು ನಾನಂತೂ ಕಂಡಿಲ್ಲ. ಆದ್ದರಿಂದ ಆಯ್ಕೆಯ ಮೊದಲ ಹೆಜ್ಜೆಯೆಂದರೆ ನಿಮ್ಮ ಮನೆಯ ಕ್ರಿಯಾಪದಗಳನ್ನು ಗುರುತಿಸಿಕೊಳ್ಳುವುದು.

ಆನ್‌ಲೈನ್ ಮಳಿಗೆಯಲ್ಲಿ ಬ್ಲೆಂಡರ್ ಎಂದು ಹುಡುಕಿದರೆ ಐದು ಬಗೆಯ ವಸ್ತುಗಳು ಒಂದೇ ಪುಟದಲ್ಲಿ ಬೆರೆತು ಬರುತ್ತವೆ. ಮೊದಲನೆಯದು ಸ್ಟೀಲ್ ಜಾರುಗಳಿರುವ ನಮ್ಮ ಮಿಕ್ಸಿ, ಅಂದರೆ ಮಿಕ್ಸರ್ ಗ್ರೈಂಡರ್. ಎರಡನೆಯದು ಎತ್ತರದ ಪಾರದರ್ಶಕ ಜಾರಿನ ಬ್ಲೆಂಡರ್. ಮೂರನೆಯದು ಲೋಟದಂಥ ಜಾರನ್ನು ಬೋರಲು ಹಾಕಿ ತಿರುಗಿಸುವ ಚಿಕ್ಕ ಯಂತ್ರ, ಇದನ್ನು ಬುಲೆಟ್ ಮಾದರಿ ಎನ್ನುತ್ತಾರೆ. ನಾಲ್ಕನೆಯದು ಪಾತ್ರೆಯೊಳಗೇ ಇಳಿಸುವ ಹ್ಯಾಂಡ್ ಬ್ಲೆಂಡರ್. ಐದನೆಯದು ಕಲ್ಲಿನ ವೆಟ್ ಗ್ರೈಂಡರ್. ಇವುಗಳಲ್ಲಿ ಮೊದಲ ಎರಡರ ನಡುವಣ ವ್ಯತ್ಯಾಸವನ್ನು ಸರಿಯಾಗಿ ಅರಿತರೆ ಉಳಿದವುಗಳ ಆಯ್ಕೆ ತಾನಾಗಿ ಸುಲಭವಾಗುತ್ತದೆ. ಹಣ ಪೋಲಾಗುವುದೂ ಬಹುಮಟ್ಟಿಗೆ ಈ ಎರಡನ್ನು ಒಂದೇ ಎಂದು ಭಾವಿಸುವುದರಿಂದಲೇ.

ಬ್ಲೆಂಡರ್ ಹುಟ್ಟಿದ್ದು ಹಾಲಿನ ಪಾನೀಯಕ್ಕಾಗಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರೇಸೀನ್ ಪಟ್ಟಣದಲ್ಲಿ ಸ್ಟೀಫನ್ ಪೊಪ್ಲಾವ್ಸ್ಕಿ ಎಂಬವರು 1922ರಲ್ಲಿ ಲೋಟದ ತಳದಲ್ಲಿ ತಿರುಗುವ ಬ್ಲೇಡನ್ನು ಇರಿಸಿದ್ದು ಸೋಡಾ ಅಂಗಡಿಗಳಲ್ಲಿ ಮಾಲ್ಟ್ ಬೆರೆಸಿದ ಹಾಲನ್ನು ತಯಾರಿಸುವ ಉದ್ದೇಶದಿಂದ. ನಮ್ಮ ಮಿಕ್ಸಿಯ ಜಾತಕವೇ ಬೇರೆ. ಮುಂಬೈಯ ಇಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಮನೆಯಲ್ಲಿದ್ದ ವಿದೇಶಿ ಮಿಕ್ಸರ್ ಭಾರತೀಯ ಅಡುಗೆಯ ಗಟ್ಟಿ ಕೆಲಸವನ್ನು ತಾಳಲಾರದೆ ಕೆಟ್ಟುಹೋಯಿತು. ಅದರಿಂದ ಪ್ರೇರಿತರಾಗಿ ಅವರು ರೂಪಿಸಿ 1963ರಲ್ಲಿ ಮಾರುಕಟ್ಟೆಗೆ ತಂದ ಯಂತ್ರವೇ ಸುಮೀತ್. ಒಣ ಮೆಣಸಿನಕಾಯಿ, ನೆನೆಸಿದ ಬೇಳೆ, ತೆಂಗಿನಕಾಯಿ ಇವೇ ಆ ಯಂತ್ರದ ಪರೀಕ್ಷೆಯ ಪ್ರಶ್ನೆಪತ್ರಿಕೆ. ಒಂದು ಹಾಲಿನ ಯಂತ್ರ, ಇನ್ನೊಂದು ಮಸಾಲೆಯ ಯಂತ್ರ. ಅರವತ್ತು ವರ್ಷಗಳು ಕಳೆದ ಮೇಲೂ ಆ ಹುಟ್ಟುಗುಣ ಎರಡರಲ್ಲೂ ಉಳಿದುಕೊಂಡಿದೆ.

ಬ್ಲೆಂಡರಿನ ಜಾರು ಎತ್ತರವಾಗಿ, ಸಾಮಾನ್ಯವಾಗಿ ಒಂದೂವರೆ ಅಥವಾ ಎರಡು ಲೀಟರಿನಷ್ಟು ಇರುತ್ತದೆ. ಬ್ಲೇಡು ತಿರುಗಿದಾಗ ದ್ರವದಲ್ಲಿ ಸುಳಿಯೊಂದು ಏಳುತ್ತದೆ. ಮೇಲಿದ್ದ ಹಣ್ಣಿನ ಹೋಳುಗಳು ಆ ಸುಳಿಯಲ್ಲಿ ಸಿಕ್ಕಿ ಕೆಳಗಿಳಿದು, ಬ್ಲೇಡಿಗೆ ತಾಗಿ, ಮತ್ತೆ ಬದಿಯಿಂದ ಮೇಲೇರುತ್ತವೆ. ಸುಳಿ ಏಳಬೇಕಾದರೆ ದ್ರವ ಬೇಕು, ಅದೂ ಧಾರಾಳವಾಗಿ ಬೇಕು. ದ್ರವ ಕಡಿಮೆಯಾದರೆ ಬ್ಲೇಡಿನ ಸುತ್ತ ಗಾಳಿಯ ಗುಳ್ಳೆಯೊಂದು ನಿಂತು, ಯಂತ್ರ ಕಿರುಚುತ್ತಿದ್ದರೂ ಪದಾರ್ಥ ಅಲುಗಾಡದೆ ಕುಳಿತಿರುತ್ತದೆ. ಮಿಕ್ಸಿಯ ಜಾರಾದರೋ ಗಿಡ್ಡ. ಬ್ಲೇಡು ತಳಕ್ಕೆ ಅಂಟಿದಂತೆ ಇರುತ್ತದೆ. ಆದ್ದರಿಂದ ಕಡಿಮೆ ನೀರಿನಲ್ಲಿ, ಗಟ್ಟಿ ಪದಾರ್ಥವನ್ನು, ಸ್ವಲ್ಪವೇ ಪ್ರಮಾಣದಲ್ಲಿ ಅರೆಯುವುದು ಅದಕ್ಕೆ ಸಾಧ್ಯ. ನಾಲ್ಕು ಜನರ ಮನೆಯ ಬೆಳಗಿನ ಚಟ್ನಿಗೆ ಬೇಕಾಗುವುದು ಒಂದು ಹೋಳು ಕಾಯಿ, ಒಂದು ಹಿಡಿ ಹುರಿಗಡಲೆ, ಎರಡು ಹಸಿಮೆಣಸಿನಕಾಯಿ, ಕಾಲು ಲೋಟ ನೀರು. ಅದನ್ನು ಎರಡು ಲೀಟರಿನ ಬ್ಲೆಂಡರಿಗೆ ಹಾಕಿದರೆ ಅರ್ಧ ಭಾಗ ಗೋಡೆಗೆ ಅಂಟಿ, ಉಳಿದರ್ಧ ಬ್ಲೇಡಿನ ಕೆಳಗೆ ಸೇರಿ, ಕೊನೆಗೆ ಚಮಚದಿಂದ ಕೆರೆದು ತೆಗೆಯುವ ಹೊತ್ತಿಗೆ ದೋಸೆ ಆರಿರುತ್ತದೆ. ಬೆಲೆಬಾಳುವ ವಿದೇಶಿ ಬ್ಲೆಂಡರ್ ಕೊಂಡು, ಅದರ ಪಕ್ಕದಲ್ಲೇ ಚಟ್ನಿಗೆಂದು ಹಳೆಯ ಮಿಕ್ಸಿಯನ್ನೂ ಇಟ್ಟುಕೊಂಡಿರುವ ಮನೆಗಳು ನನಗೆ ಗೊತ್ತಿವೆ; ಆ ಮನೆಗಳವರು ತಪ್ಪು ಮಾಡಿದ್ದಾರೆಂದು ನಾನು ಹೇಳಲಾರೆ, ಅವರ ಮನೆಯಲ್ಲಿ ಎರಡು ಕ್ರಿಯಾಪದಗಳಿವೆ ಅಷ್ಟೆ.

ಆದ್ದರಿಂದ ನನ್ನ ಮೊದಲ ತೀರ್ಮಾನ ಇದು: ದಿನಾ ಕಾಯಿ ಅರೆಯುವ ಮನೆಗೆ ಮಿಕ್ಸಿಯೇ ಮೂಲ ಯಂತ್ರ, ಉಳಿದುವೆಲ್ಲ ಅದರ ನಂತರದವು. ಹಾಗೆ ಕೊಳ್ಳುವಾಗ ದೊಡ್ಡ ಜಾರಿಗಿಂತ ಚಟ್ನಿ ಜಾರಿನ ಕಡೆ ಹೆಚ್ಚು ಗಮನವಿರಲಿ. ನಿತ್ಯದ ಕೆಲಸದಲ್ಲಿ ಬಹುಪಾಲು ನಡೆಯುವುದು 400 ಮಿಲಿಲೀಟರ್ ಆಸುಪಾಸಿನ ಆ ಪುಟ್ಟ ಜಾರಿನಲ್ಲೇ. ಆದರೂ ತಯಾರಕರು ಅತ್ಯಂತ ಅಗ್ಗವಾಗಿ ಮಾಡುವುದೂ ಅದನ್ನೇ. ಅದಕ್ಕೆ ಹಿಡಿ ಇದೆಯೇ, ಅಥವಾ ಒದ್ದೆ ಕೈಯಲ್ಲಿ ಜಾರುವ ನುಣುಪಾದ ಡಬ್ಬಿಯೇ? ಮುಚ್ಚಳ ರಬ್ಬರಿನ ಅಂಚಿನೊಂದಿಗೆ ಬಿಗಿಯಾಗಿ ಕೂರುತ್ತದೆಯೇ? ಬ್ಲೇಡಿಗೂ ತಳಕ್ಕೂ ನಡುವೆ ಎಷ್ಟು ಜಾಗವಿದೆ? ಬ್ಲೇಡು ಮೇಲಿದ್ದಷ್ಟೂ ತಳದಲ್ಲಿ ಅರೆಯದೆ ಉಳಿಯುವ ಕಾಯಿಯ ಪ್ರಮಾಣ ಹೆಚ್ಚು. ಮೂರನೆಯ ಮತ್ತು ನಾಲ್ಕನೆಯ ದೊಡ್ಡ ಜಾರುಗಳು ಹೆಚ್ಚಿನ ಮನೆಗಳಲ್ಲಿ ಅಟ್ಟ ಸೇರುತ್ತವೆ. ಹಣ್ಣಿನ ರಸ ಸೋಸುವ ಜರಡಿಯಿರುವ ಪ್ಲಾಸ್ಟಿಕ್ ಜಾರನ್ನು ಎರಡನೆಯ ಬಾರಿ ಬಳಸಿದವರು ಕಡಿಮೆ, ಏಕೆಂದರೆ ಮೊದಲ ಬಾರಿ ಆ ಜರಡಿಯನ್ನು ತೊಳೆದದ್ದು ಅವರಿಗೆ ನೆನಪಿರುತ್ತದೆ.

ಇನ್ನು ವಾಟಿನ ಪ್ರಶ್ನೆ. ಮಿಕ್ಸಿಗಳು ಸಾಮಾನ್ಯವಾಗಿ 500, 750 ಮತ್ತು 1000 ವಾಟುಗಳಲ್ಲಿ ದೊರೆಯುತ್ತವೆ. ಈ ಸಂಖ್ಯೆ ಯಂತ್ರ ಎಳೆದುಕೊಳ್ಳುವ ವಿದ್ಯುತ್ತಿನ ಲೆಕ್ಕವೇ ಹೊರತು ಬ್ಲೇಡಿನವರೆಗೆ ತಲುಪುವ ಬಲದ ಲೆಕ್ಕವಲ್ಲ. ಆದ್ದರಿಂದ ಒಳ್ಳೆಯ ತಾಮ್ರದ ಸುರುಳಿಯಿರುವ 500 ವಾಟಿನ ಯಂತ್ರ ಕಳಪೆಯಾದ 750 ವಾಟಿನದನ್ನು ಸೋಲಿಸುವುದು ಸಾಧ್ಯ. ಇಬ್ಬರು ಮೂವರ ಮನೆಯಲ್ಲಿ, ಚಟ್ನಿ, ಸಾಂಬಾರಿನ ಮಸಾಲೆ, ಆಗೊಮ್ಮೆ ಈಗೊಮ್ಮೆ ದೋಸೆಹಿಟ್ಟು ಎನ್ನುವಷ್ಟಕ್ಕೆ 500 ವಾಟು ಸಾಕು. ನಾಲ್ಕೈದು ಜನರಿದ್ದು, ವಾರಕ್ಕೆರಡು ಬಾರಿ ಹಿಟ್ಟು ರುಬ್ಬಿ, ತಿಂಗಳಿಗೊಮ್ಮೆ ಸಾರಿನ ಪುಡಿ ಮಾಡುವ ಮನೆಗೆ 750 ಸೂಕ್ತ. 1000 ವಾಟು ಬೇಕಾಗುವುದು ಅರಿಶಿನದ ಕೊಂಬಿನಂಥ ಕಲ್ಲುಗಟ್ಟಿ ಪದಾರ್ಥಗಳನ್ನು ಪುಡಿಮಾಡುವವರಿಗೆ, ಅಥವಾ ಮನೆಯಿಂದಲೇ ಮಸಾಲೆಪುಡಿ ಮಾಡಿ ಮಾರುವವರಿಗೆ. ವೋಲ್ಟೇಜ್ ಕಡಿಮೆ ಬರುವ ಊರುಗಳಲ್ಲಿ ಮಾತ್ರ ಒಂದು ಮೆಟ್ಟಿಲು ಮೇಲಿನದನ್ನು ಆರಿಸುವುದು ಒಳ್ಳೆಯದು. 230 ವೋಲ್ಟಿಗೆಂದು ರೂಪಿಸಿದ ಮೋಟಾರು ಸಂಜೆಯ ಹೊತ್ತಿನಲ್ಲಿ 180ಕ್ಕೆ ಇಳಿದ ಕರೆಂಟಿನಲ್ಲಿ ಬಲಗುಂದುತ್ತದೆ, ಮತ್ತು ಗಟ್ಟಿ ಹಿಟ್ಟಿನಲ್ಲಿ ಬ್ಲೇಡು ಸಿಕ್ಕಿ ನಿಂತರೆ ಮೋಟಾರು ಸುಡುವುದು ಆ ಕ್ಷಣದಲ್ಲೇ. ಮನೆಯ ಸಣ್ಣ ಇನ್ವರ್ಟರಿನಲ್ಲಿ ಮಿಕ್ಸಿ ಓಡಿಸುವ ಯೋಚನೆಯನ್ನು ಬಿಡುವುದು ಲೇಸು.

ವಾಟಿಗಿಂತಲೂ ಮುಖ್ಯವಾದ, ಆದರೆ ಯಾರೂ ಓದದ ಸಾಲೊಂದು ಯಂತ್ರದ ತಳದ ಚೀಟಿಯಲ್ಲಿರುತ್ತದೆ: 30 ನಿಮಿಷಗಳ ರೇಟಿಂಗ್. ಮೂವತ್ತು ನಿಮಿಷ ಬಿಡದೆ ಓಡಿಸಬಹುದೆಂದು ಇದರ ಅರ್ಥವಲ್ಲ. ಸಾಮಾನ್ಯವಾಗಿ ಐದು ನಿಮಿಷ ಓಡಿಸಿ, ಎರಡು ನಿಮಿಷ ನಿಲ್ಲಿಸಿ, ಹೀಗೆ ಸುತ್ತುಗಳಲ್ಲಿ ಒಟ್ಟು ಮೂವತ್ತು ನಿಮಿಷ ಎಂದರ್ಥ. ನಿಖರವಾದ ಲೆಕ್ಕ ಕೈಪಿಡಿಯಲ್ಲಿರುತ್ತದೆ. ಖಾಲಿ ಓಡುವಾಗ ನಿಮಿಷಕ್ಕೆ 18,000 ಸುತ್ತಿನ ಆಸುಪಾಸಿನಲ್ಲಿ ತಿರುಗುವ, ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಶ್ಶುಗಳು ಉಜ್ಜುತ್ತಿರುವ ಮೋಟಾರು ಬೇಗ ಕಾಯುತ್ತದೆ. ಹೆಚ್ಚು ಭಾರ ಬಿದ್ದಾಗ ಓವರ್‌ಲೋಡ್ ಸ್ವಿಚ್ಚು ಹಾರಿ ಯಂತ್ರ ನಿಲ್ಲುತ್ತದೆ. ತಳದಲ್ಲಿರುವ ಕೆಂಪು ಗುಂಡಿಯನ್ನು ಒತ್ತಿದರೆ ಮತ್ತೆ ಓಡುತ್ತದೆ. ಈ ಕೆಂಪು ಗುಂಡಿಯ ಅರಿವಿಲ್ಲದೆ ಕೆಟ್ಟಿತೆಂದು ರಿಪೇರಿ ಅಂಗಡಿಗೆ ಹೊತ್ತೊಯ್ದವರಲ್ಲಿ ನಾನೂ ಒಬ್ಬ. ಅಂಗಡಿಯಾತ ಬೆರಳಿನಲ್ಲಿ ಒತ್ತಿ, ಹಣ ಬೇಡವೆಂದು ನಕ್ಕು ಕಳುಹಿಸಿದ್ದರು. ಇತ್ತೀಚೆಗೆ ಕಾರ್ಬನ್ ಬ್ರಶ್ ಇಲ್ಲದ ಬಿಎಲ್‌ಡಿಸಿ ಮೋಟಾರಿನ ಮಿಕ್ಸಿಗಳೂ ಬಂದಿವೆ. ಅವುಗಳ ನಿಜವಾದ ಅನುಕೂಲ ಕರೆಂಟಿನ ಉಳಿತಾಯವಲ್ಲ, ನಿಧಾನವಾಗಿಯೂ ಬಲಗುಂದದೆ ತಿರುಗುವ ಸಾಮರ್ಥ್ಯ. ತರಿತರಿಯಾಗಿ ಅರೆಯಬೇಕಾದ ಕಡೆ ಅದು ಪ್ರಯೋಜನಕ್ಕೆ ಬರುತ್ತದೆ. ಬೆಲೆ ಮಾತ್ರ ಹೆಚ್ಚು.

ಒಣ ಪುಡಿಯ ಕೆಲಸ, ಅಂದರೆ ಕುಟ್ಟುವ ಕೆಲಸ, ಯಂತ್ರಗಳ ದೌರ್ಬಲ್ಯವನ್ನು ಬಯಲಿಗೆಳೆಯುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಸುಕ್ಕುಗಟ್ಟಿದ ತೆಳುವಾದ ಸಿಪ್ಪೆ ಚೆನ್ನಾಗಿ ಗರಿಯಾಗುವಷ್ಟು ಹುರಿಯದಿದ್ದರೆ ಜಾರಿನಲ್ಲಿ ಹಾರಾಡುತ್ತದೆಯೇ ಹೊರತು ಪುಡಿಯಾಗುವುದಿಲ್ಲ. ಹುರಿದದ್ದನ್ನು ಬಿಸಿಯಿರುವಾಗಲೇ ಹಾಕಿದರೆ ಹಬೆ ಕಟ್ಟಿ ಪುಡಿ ಮುದ್ದೆಯಾಗುತ್ತದೆ. ಶೇಂಗಾ ಚಟ್ನಿಪುಡಿಯಂತೂ ಬಿಡದೆ ಓಡಿಸಿದರೆ ಎಣ್ಣೆ ಬಿಟ್ಟು ಉಂಡೆಯಾಗುತ್ತದೆ. ಉತ್ತರ ಕರ್ನಾಟಕದ ಹಿರಿಯರು ಒರಳಲ್ಲಿ ಕುಟ್ಟಿದ ಚಟ್ನಿಪುಡಿಗೇ ರುಚಿ ಹೆಚ್ಚು ಎನ್ನುವುದರ ಹಿಂದೆ ಹಳೆಯದರ ಮೋಹ ಮಾತ್ರವಲ್ಲ, ಬಿಸಿಯಾಗದೆ ಜಜ್ಜಿಹೋಗುವ ಶೇಂಗಾದ ಸ್ವಭಾವವೂ ಇದೆ. ಮಿಕ್ಸಿಯಲ್ಲಿ ಇದಕ್ಕೆ ಹತ್ತಿರ ಬರಬೇಕಾದರೆ ಗುಂಡಿಯನ್ನು ಎಡಕ್ಕೆ ತಿರುಗಿಸಿ ಬಿಡುವ ಪಲ್ಸ್ ಚಾಲನೆ ಬೇಕು. ಕೆಲವು ಯಂತ್ರಗಳಲ್ಲಿ ಇದಕ್ಕೆ ವಿಪ್ ಎಂದೋ ಇಂಚರ್ ಎಂದೋ ಬರೆದಿರುತ್ತದೆ. ಅದಿಲ್ಲದ ಯಂತ್ರವನ್ನು ಕೊಳ್ಳಬೇಡಿ. ಇನ್ನು ಒಂದು ಕಿಲೋಗಿಂತ ಹೆಚ್ಚು ಖಾರದ ಪುಡಿ ಬೇಕಾದಾಗ ಅತಿ ಅಗ್ಗದ ಯಂತ್ರ ಯಾವುದೆಂದರೆ ನಿಮ್ಮ ಬೀದಿಯ ಗಿರಣಿ. ರಾಗಿ, ಗೋಧಿ ಬೀಸುವ ಕೆಲಸವೂ ಅಲ್ಲಿನದೇ. ಇಲ್ಲಿ ಹೋಲಿಸುತ್ತಿರುವ ಐದು ಯಂತ್ರಗಳಲ್ಲಿ ಯಾವುದೂ ಬೀಸುಕಲ್ಲಿನ ಜಾಗಕ್ಕೆ ಬಾರದು.

ರುಬ್ಬುವ ಕೆಲಸಕ್ಕೆ ಬಂದರೆ ಮಿಕ್ಸಿಗೂ ಗ್ರೈಂಡರಿಗೂ ನಡುವೆ ನಿಜವಾದ ಸ್ಪರ್ಧೆ ಏರ್ಪಡುತ್ತದೆ. ವಿದ್ಯುತ್ ಗ್ರೈಂಡರನ್ನು 1955ರಲ್ಲಿ ರೂಪಿಸಿದವರು ಕೊಯಮತ್ತೂರಿನ ಪಿ. ಸಭಾಪತಿ, ಇಂದಿಗೂ ಆ ಊರೇ ಈ ಉದ್ಯಮದ ತವರು, ಮತ್ತು ಕೊಯಮತ್ತೂರು ವೆಟ್ ಗ್ರೈಂಡರಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಮಿಕ್ಸಿಯ ಬ್ಲೇಡು ಬೇಳೆಯನ್ನು ಕತ್ತರಿಸುತ್ತದೆ. ಗ್ರೈಂಡರಿನ ಕಲ್ಲು ಅದನ್ನು ಜಜ್ಜಿ ಉಜ್ಜುತ್ತದೆ. ಮಿಕ್ಸಿಯ ವೇಗದ ಮುಂದೆ ಗ್ರೈಂಡರಿನದು ಆಮೆಯ ನಡಿಗೆ. ಆದ್ದರಿಂದ ಹಿಟ್ಟು ಬಿಸಿಯಾಗುವುದಿಲ್ಲ, ಮತ್ತು ಇಪ್ಪತ್ತು ಮೂವತ್ತು ನಿಮಿಷಗಳ ಕಾಲ ಮಗುಚಿ ಮಗುಚಿ ಬೀಳುವ ಉದ್ದಿನ ಲೋಳೆಯೊಳಗೆ ಗಾಳಿ ಸೇರುತ್ತಾ ಹೋಗುತ್ತದೆ. ಚೆನ್ನಾಗಿ ರುಬ್ಬಿದ ಉದ್ದಿನ ಹಿಟ್ಟಿನ ಒಂದು ಹನಿಯನ್ನು ನೀರಿಗೆ ಹಾಕಿದರೆ ತೇಲುತ್ತದೆ ಎಂಬ ಅಜ್ಜಿಯರ ಪರೀಕ್ಷೆ ಈ ಗಾಳಿಯದ್ದೇ ಪರೀಕ್ಷೆ. ಒಂದೇ ಅಳತೆಯ ಉದ್ದಿನಬೇಳೆಯಿಂದ ಗ್ರೈಂಡರಿನಲ್ಲಿ ಬರುವ ಹಿಟ್ಟು ಮಿಕ್ಸಿಯದಕ್ಕಿಂತ ಹೆಚ್ಚು, ಇಡ್ಲಿಯೂ ಹೆಚ್ಚು ಮೃದು.

ಹಾಗೆಂದು ಎಲ್ಲರೂ ಗ್ರೈಂಡರ್ ಕೊಳ್ಳಬೇಕೆಂದಿಲ್ಲ. ಈ ವ್ಯತ್ಯಾಸ ಎದ್ದು ಕಾಣುವುದು ಇಡ್ಲಿಯಲ್ಲಿ ಮತ್ತು ಉದ್ದಿನವಡೆಯಲ್ಲಿ. ದೋಸೆಯಲ್ಲಿ ಅದು ಅರ್ಧಕ್ಕಿಳಿಯುತ್ತದೆ. ಹುದುಗು ಬರಿಸುವ ಅಗತ್ಯವೇ ಇಲ್ಲದ ನೀರುದೋಸೆಯಲ್ಲಿ ಇಲ್ಲವೇ ಇಲ್ಲ. ಮಿಕ್ಸಿಯಲ್ಲೇ ರುಬ್ಬುವವರು ಫ್ರಿಜ್ಜಿನ ತಣ್ಣೀರನ್ನು ಬಳಸಿ, ಜಾರನ್ನು ಅರ್ಧಕ್ಕಿಂತ ಹೆಚ್ಚು ತುಂಬದೆ, ಸ್ವಲ್ಪ ಸ್ವಲ್ಪವಾಗಿ ರುಬ್ಬಿದರೆ ಫಲ ತೃಪ್ತಿಕರವಾಗಿಯೇ ಇರುತ್ತದೆ. ಗ್ರೈಂಡರಿನ ನಿಜವಾದ ಬೆಲೆ ಅಂಗಡಿಯ ಚೀಟಿಯಲ್ಲಿ ಇರುವುದಿಲ್ಲ. ಎರಡು ಲೀಟರಿನ ಟೇಬಲ್‌ಟಾಪ್ ಮಾದರಿಯೂ ಹತ್ತು ಕಿಲೋ ಮೀರಿ ತೂಗುತ್ತದೆ. ಅದಕ್ಕೆ ಕಟ್ಟೆಯ ಮೇಲೆ ಕಾಯಂ ಜಾಗ ಬೇಕು, ಏಕೆಂದರೆ ಪ್ರತಿ ಬಾರಿ ಕಪಾಟಿನಿಂದ ಎತ್ತಿಡಬೇಕಾದ ಗ್ರೈಂಡರ್ ಆರು ತಿಂಗಳಲ್ಲಿ ಕಪಾಟಿನಲ್ಲೇ ನೆಲೆಸುತ್ತದೆ. ಹಿಟ್ಟು ಒಣಗುವ ಮೊದಲೇ ಕಲ್ಲುಗಳನ್ನು ತೊಳೆಯಬೇಕು. ವಾರಕ್ಕೊಮ್ಮೆಯಾದರೂ ಇಡ್ಲಿ ಮಾಡುವ, ನಾಲ್ಕು ಅಥವಾ ಹೆಚ್ಚು ಜನರಿರುವ ಮನೆಗೆ ಅದು ಸಾರ್ಥಕ. ಇಬ್ಬರಿರುವ ಮನೆಗೆ ಒಂದೂಕಾಲು ಲೀಟರಿನ ಚಿಕ್ಕದು, ಅಥವಾ ಯಾವುದೂ ಇಲ್ಲದಿರುವುದೇ ಸರಿ. ಕರೆಂಟಿನ ಬಗ್ಗೆ ಚಿಂತಿಸುವವರಿಗಾಗಿ ಒಂದು ಲೆಕ್ಕ: 150 ವಾಟಿನ ಗ್ರೈಂಡರ್ 40 ನಿಮಿಷ ಓಡಿದರೂ, 750 ವಾಟಿನ ಮಿಕ್ಸಿ ಪೂರ್ಣ ಭಾರದಲ್ಲಿ 8 ನಿಮಿಷ ಓಡಿದರೂ ಖರ್ಚಾಗುವುದು ಒಂದೇ, ಯೂನಿಟ್ಟಿನ ಹತ್ತನೆಯ ಒಂದು ಭಾಗ. ಈ ಹೋಲಿಕೆಯಲ್ಲಿ ಬಿಲ್ಲನ್ನು ತರುವ ಅಗತ್ಯವೇ ಇಲ್ಲ.

ಕಡೆಯುವ ಕೆಲಸಕ್ಕೆ ಹ್ಯಾಂಡ್ ಬ್ಲೆಂಡರಿನಷ್ಟು ಒದಗಿಬರುವುದು ಬೇರೊಂದಿಲ್ಲ. ಬೆಂದ ಬೇಳೆಯನ್ನು ಮಸೆಯುವುದು, ಪಾಲಕ್ ಸೊಪ್ಪನ್ನು ಪಾತ್ರೆಯಲ್ಲೇ ನುಣ್ಣಗಾಗಿಸುವುದು, ಮಜ್ಜಿಗೆ, ಲಸ್ಸಿ, ಮಗುವಿನ ಗಂಜಿ, ಸೂಪು ಇವೆಲ್ಲ ಅದರ ಕೆಲಸಗಳು. ಬಿಸಿ ಪದಾರ್ಥವನ್ನು ಮುಚ್ಚಿದ ಜಾರಿಗೆ ಸುರಿಯಬೇಕಾಗಿಲ್ಲ ಎಂಬುದೇ ಅದರ ದೊಡ್ಡ ಗುಣ. ಬೇಯಿಸಿದ ಟೊಮೆಟೊವನ್ನು ಆರಲು ಬಿಡದೆ ಮಿಕ್ಸಿಗೆ ಹಾಕಿ ನಾನೊಮ್ಮೆ ಗುಂಡಿ ತಿರುಗಿಸಿದಾಗ ಒಳಗಿನ ಹಬೆ ಹಿಗ್ಗಿ ಮುಚ್ಚಳವನ್ನು ಎಸೆದು, ಅಡುಗೆಮನೆಯ ಸೂರಿನ ಮೇಲೆ ಬರೆದ ಚಿತ್ತಾರ ಮುಂದಿನ ಸುಣ್ಣಬಣ್ಣದವರೆಗೆ ಹಾಗೆಯೇ ಇತ್ತು. ಹ್ಯಾಂಡ್ ಬ್ಲೆಂಡರ್ ಕೊಳ್ಳುವಾಗ ಬಿಸಿಗೆ ತಾಳುವ ಸ್ಟೀಲ್ ಕಾಂಡದ್ದನ್ನೇ ಆರಿಸಿ. ಪ್ಲಾಸ್ಟಿಕ್ಕಿನದು ಅಗ್ಗವಾದರೂ ಈ ಮುಖ್ಯ ಉಪಯೋಗಕ್ಕೇ ಒದಗುವುದಿಲ್ಲ. ಅದರಿಂದ ಕಾಯಿ ಅರೆಯಲು ಹೊರಟರೆ ಮಾತ್ರ ಯಂತ್ರಕ್ಕೂ ಕೈಗೂ ಆಯಾಸವೇ ಲಾಭ. ಮನೆಯಲ್ಲಿ ಕಡೆಯುವ ಕೆಲಸವೆಂದರೆ ಬೇಳೆ ಮತ್ತು ಮಜ್ಜಿಗೆ ಮಾತ್ರ ಎಂದಾದರೆ ಮರದ ಕಡೆಗೋಲು ಇಂದಿಗೂ ಸಂತೆಯಲ್ಲಿ ಸಿಗುತ್ತದೆ.

ಬುಲೆಟ್ ಮಾದರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಿಜಿಯಲ್ಲಿ, ಹಾಸ್ಟೆಲಿನಲ್ಲಿ ಒಬ್ಬರೇ ಇರುವವರಿಗೆ, ಒಂದು ಲೋಟ ಬಾಳೆಹಣ್ಣಿನ ಪಾನೀಯಕ್ಕೆ, ಒಂದು ಹಿಡಿ ಚಟ್ನಿಗೆ ಅದು ಸಾಕು. ಅದರ ಚಿಕ್ಕ ಮೋಟಾರು ಒಂದು ನಿಮಿಷಕ್ಕಿಂತ ಹೆಚ್ಚು ಬಿಡದೆ ಓಡುವಂಥದ್ದಲ್ಲ, ಮತ್ತು ಬಾಯಿ ಬಿಗಿದ ಆ ಲೋಟಕ್ಕೆ ಬಿಸಿಯಾದದ್ದನ್ನು ಎಂದೂ ಹಾಕಬಾರದು. ಕುಟುಂಬಕ್ಕೆ ಅದು ಎರಡನೆಯ ಯಂತ್ರವಾಗಬಹುದೇ ಹೊರತು ಮೊದಲನೆಯದಲ್ಲ.

ಹಾಗಾದರೆ ಎತ್ತರದ ಬ್ಲೆಂಡರ್ ಯಾರಿಗೆ? ದಿನಾ ಬೆಳಗ್ಗೆ ಹಣ್ಣು, ಸೊಪ್ಪು, ಐಸ್ ಸೇರಿಸಿ ನಾಲ್ಕು ಲೋಟ ಸ್ಮೂದಿ ಮಾಡುವವರಿಗೆ, ಬಾದಾಮಿಯ ಹಾಲನ್ನು ಮನೆಯಲ್ಲೇ ತೆಗೆಯುವವರಿಗೆ, ಸೂಪನ್ನೇ ಊಟವಾಗಿಸಿಕೊಂಡವರಿಗೆ. ಅದರಲ್ಲಿಯೂ ಎರಡು ವರ್ಗಗಳಿವೆ. ಮೂರು ನಾಲ್ಕು ಸಾವಿರ ರೂಪಾಯಿಗಳ ಸಾಧಾರಣ ಬ್ಲೆಂಡರ್ ಮಾಡುವ ಯಾವ ಕೆಲಸವನ್ನೂ ಮಿಕ್ಸಿಯ ದೊಡ್ಡ ಜಾರು ಮಾಡಬಲ್ಲದು. ಮಿಕ್ಸಿ ಇದ್ದವರು ಅದನ್ನು ಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ. ಸಾವಿರ ವಾಟಿಗೂ ಮೇಲ್ಪಟ್ಟ ದುಬಾರಿ ಬ್ಲೆಂಡರ್ ಮಾತ್ರ ಬೇರೆಯದೇ ವಸ್ತು: ಅಂಜೂರದ ಬೀಜ, ನುಗ್ಗೆಸೊಪ್ಪಿನ ನಾರು, ಗಟ್ಟಿಯಾಗಿ ಹೆಪ್ಪುಗಟ್ಟಿದ ಮಾವಿನ ಹೋಳು ಇವೆಲ್ಲವನ್ನೂ ಅದು ನಾಲಿಗೆಗೆ ತರಿ ತಾಗದಷ್ಟು ನುಣ್ಣಗಾಗಿಸುತ್ತದೆ. ಆ ನುಣುಪಿಗೆ ಇಪ್ಪತ್ತರಿಂದ ಐವತ್ತು ಸಾವಿರ ಕೊಡಬಹುದೇ ಎಂಬುದು ನಿಮ್ಮ ಬೆಳಗಿನ ಅಭ್ಯಾಸ ಎಷ್ಟು ವರ್ಷಗಳದು ಎಂಬುದನ್ನು ಅವಲಂಬಿಸಿದೆ. ಹೊಸ ವರ್ಷದ ಸಂಕಲ್ಪದ ಮೇಲೆ ಅಷ್ಟು ಹಣ ಹೂಡಬೇಡಿ. ಮೂರು ತಿಂಗಳು ಮಿಕ್ಸಿಯಲ್ಲೇ ಮಾಡಿ ನೋಡಿ, ಅಭ್ಯಾಸ ಉಳಿದರೆ ಕೊಳ್ಳಿ. ಇಂಥ ಬ್ಲೆಂಡರಿನ ಪಾರದರ್ಶಕ ಪ್ಲಾಸ್ಟಿಕ್ ಜಾರಿನಲ್ಲಿ ಅರಿಶಿನ ಹಾಕಿ ಅರೆದರೆ ಹಳದಿ ಬಣ್ಣ ಶಾಶ್ವತವಾಗಿ ಉಳಿಯುತ್ತದೆ ಎಂಬುದೂ ನೆನಪಿರಲಿ.

ಬೆಲೆಯ ಲೆಕ್ಕವನ್ನು ಒಟ್ಟಾಗಿ ನೋಡೋಣ. ಇವು ಅಂದಾಜುಗಳು, ಹಬ್ಬದ ರಿಯಾಯಿತಿಯಲ್ಲಿ ಸಾಕಷ್ಟು ಕೆಳಗಿಳಿಯುತ್ತವೆ. ಎರಡರಿಂದ ಮೂರೂವರೆ ಸಾವಿರ ರೂಪಾಯಿಗಳಲ್ಲಿ 500 ವಾಟಿನ ಮಿಕ್ಸಿ ಬರುತ್ತದೆ. ಹೊಸ ಸಂಸಾರಕ್ಕೆ ಇದರಿಂದಲೇ ಆರಂಭಿಸಬಹುದು. ಹತ್ತು ಸಾವಿರದವರೆಗೆ ಖರ್ಚು ಮಾಡುವ ಶಕ್ತಿಯಿರುವವರು ಆ ಹಣವನ್ನು ಒಂದೇ 1000 ವಾಟಿನ ಮಿಕ್ಸಿಗೆ ಸುರಿಯುವ ಬದಲು ನಾಲ್ಕೈದು ಸಾವಿರದ 750 ವಾಟಿನ ಮಿಕ್ಸಿಯನ್ನೂ ಐದು ಸಾವಿರದ ಆಸುಪಾಸಿನ ಎರಡು ಲೀಟರಿನ ಗ್ರೈಂಡರನ್ನೂ ಕೊಂಡರೆ ದಕ್ಷಿಣ ಕರ್ನಾಟಕದ ಅಡುಗೆಮನೆಯ ಬಹುತೇಕ ಕೆಲಸ ಮುಗಿಯುತ್ತದೆ. ಇಡ್ಲಿಗಿಂತ ರೊಟ್ಟಿ ಹೆಚ್ಚಾಗಿರುವ ಮನೆಯಲ್ಲಿ ಗ್ರೈಂಡರ್ ಬಿಟ್ಟು, ಗಟ್ಟಿಯಾದ ಒಣಪುಡಿ ಜಾರಿರುವ 750 ವಾಟಿನ ಮಿಕ್ಸಿ ಮತ್ತು ಒಂದೂವರೆ ಎರಡು ಸಾವಿರದ ಹ್ಯಾಂಡ್ ಬ್ಲೆಂಡರ್ ಹೆಚ್ಚು ಉಪಯೋಗಿ. ಕರಾವಳಿಯಲ್ಲಿ ಮೀನುಸಾರಿನ ಮಸಾಲೆ ಬೆಣ್ಣೆಯಂತೆ ನುಣ್ಣಗಾಗಬೇಕೆನ್ನುವವರು ಆ ಮಸಾಲೆಯನ್ನೂ ಗ್ರೈಂಡರಿನಲ್ಲೇ ಕಡೆಯುತ್ತಾರೆ. ಅಂಥವರು ತೆಗೆದು ತೊಳೆಯಲು ಸುಲಭವಾದ ಕಲ್ಲುಗಳ ಮಾದರಿಯನ್ನು ಆರಿಸಬೇಕು, ಇಲ್ಲವಾದರೆ ಮರುದಿನದ ಇಡ್ಲಿಗೆ ಬೆಳ್ಳುಳ್ಳಿಯ ವಾಸನೆ ತಪ್ಪದು.

ಬ್ರಾಂಡಿನ ಹೆಸರಿಗಿಂತ ನಾನು ಮೊದಲು ಕೇಳುವುದು ನಿಮ್ಮ ಊರಿನಲ್ಲಿ ಅದರ ಬಿಡಿಭಾಗ ಸಿಗುತ್ತದೆಯೇ ಎಂಬುದನ್ನು. ಮಿಕ್ಸಿಯಲ್ಲಿ ಮೊದಲು ಸವೆಯುವುದು ಮೋಟಾರಲ್ಲ, ಜಾರು ಮತ್ತು ಮೋಟಾರನ್ನು ಜೋಡಿಸುವ ಕಪ್ಲರ್. ಬ್ಲೇಡು ಸಿಕ್ಕಿಕೊಂಡಾಗ ತಾನು ಮುರಿದು ಮೋಟಾರನ್ನು ಉಳಿಸುವುದು ಅದರ ಕರ್ತವ್ಯವೇ ಆಗಿದೆ. ನಂತರ ಜಾರಿನ ತಳದಲ್ಲಿ ಬ್ಲೇಡಿನ ದಂಡವನ್ನು ಹಿಡಿದಿರುವ ಬಳೆ, ಅಂದರೆ ಬುಷ್, ಸವೆದು ಕಪ್ಪು ಎಣ್ಣೆ ಸೋರತೊಡಗುತ್ತದೆ, ಮುಚ್ಚಳದ ಗ್ಯಾಸ್ಕೆಟ್ ಹಿಗ್ಗುತ್ತದೆ, ಕೆಲವು ವರ್ಷಗಳ ಮೇಲೆ ಕಾರ್ಬನ್ ಬ್ರಶ್ ಮುಗಿಯುತ್ತದೆ. ಇವೆಲ್ಲ ನೂರಿನ ಲೆಕ್ಕದ ಖರ್ಚುಗಳು, ಬಿಡಿಭಾಗ ದೊರೆತರೆ. ದೊರೆಯದಿದ್ದರೆ ಸರಿಯಿರುವ ಮೋಟಾರನ್ನೂ ಗುಜರಿಗೆ ಹಾಕಬೇಕಾಗುತ್ತದೆ. ಐದು ವರ್ಷಗಳ ವಾರಂಟಿ ಎಂದು ದೊಡ್ಡಕ್ಷರಗಳಲ್ಲಿ ಬರೆದದ್ದು ಬಹುತೇಕ ಮೋಟಾರಿಗೆ ಮಾತ್ರ, ಉಳಿದ ಭಾಗಗಳಿಗೆ ಸಾಮಾನ್ಯವಾಗಿ ಎರಡೇ ವರ್ಷ. ಐಎಸ್‌ಐ ಗುರುತನ್ನು, ಅದರೊಂದಿಗೆ ಮನೆಬಳಕೆಯ ಮಿಕ್ಸರುಗಳ ಮಾನದಂಡವಾದ ಐಎಸ್ 4250 ಎಂಬ ಸಂಖ್ಯೆಯನ್ನು ಪೆಟ್ಟಿಗೆಯ ಮೇಲೆ ಹುಡುಕಿ. ಜಾರಿನ ಸ್ಟೀಲ್ 304 ದರ್ಜೆಯದೆಂದು ಹೇಳಿದ್ದರೆ ಹುಣಸೆ, ಉಪ್ಪು, ನಿಂಬೆಗಳ ನಡುವೆ ಅದು ಹೆಚ್ಚು ಕಾಲ ತುಕ್ಕಿಲ್ಲದೆ ಬಾಳುತ್ತದೆ.

ವಿದೇಶಕ್ಕೆ ಹೊರಟಿರುವ ಮಗಳಿಗೋ ಮಗನಿಗೋ ಮಿಕ್ಸಿ ಕಟ್ಟಿಕೊಡುವವರಿಗೆ ಒಂದು ಮಾತು. ಬ್ರಿಟನ್ನು, ಆಸ್ಟ್ರೇಲಿಯಾಗಳಲ್ಲಿ ವೋಲ್ಟೇಜ್ ನಮ್ಮಷ್ಟೇ ಇರುವುದರಿಂದ ಪ್ಲಗ್ ಬದಲಿಸಿದರೆ ಸಾಕು. ಅಮೆರಿಕ, ಕೆನಡಾಗಳಲ್ಲಿ 120 ವೋಲ್ಟ್. ಇಲ್ಲಿನ 750 ವಾಟಿನ ಮಿಕ್ಸಿಯನ್ನು ಅಲ್ಲಿ ಓಡಿಸಲು ಅದರ ಎರಡರಷ್ಟು ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್ ಬೇಕು, ಅದರ ತೂಕ ಮಿಕ್ಸಿಯನ್ನೇ ಮೀರಿಸುತ್ತದೆ. ಗ್ರೈಂಡರಿನ ಇಂಡಕ್ಷನ್ ಮೋಟಾರಿಗೆ ಇನ್ನೊಂದು ತೊಡಕಿದೆ: ಅಲ್ಲಿನ ವಿದ್ಯುತ್ತಿನ ಆವರ್ತನ ನಮ್ಮದಕ್ಕಿಂತ ಬೇರೆ, 60 ಹರ್ಟ್ಸ್, ಆದ್ದರಿಂದ ವೋಲ್ಟೇಜ್ ಸರಿಹೋದರೂ ವೇಗ ಬದಲಾಗುತ್ತದೆ. ಅಲ್ಲಿನ ವೋಲ್ಟೇಜಿಗೆಂದೇ ತಯಾರಾದ ಭಾರತೀಯ ಮಿಕ್ಸಿ ಮತ್ತು ಗ್ರೈಂಡರುಗಳು ಅಲ್ಲಿನ ಭಾರತೀಯ ಅಂಗಡಿಗಳಲ್ಲಿ ದೊರೆಯುತ್ತವೆ. ಸೂಟ್‌ಕೇಸಿನ ಆ ಜಾಗವನ್ನು ಸಾರಿನ ಪುಡಿಗೆ ಬಿಡುವುದು ಜಾಣತನ.

ಯಂತ್ರ ಮನೆಗೆ ಬಂದ ಮೊದಲ ವಾರದಲ್ಲೇ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು, ಮೂರು ಪರೀಕ್ಷೆಗಳನ್ನು ಮಾಡಿ. ಚಟ್ನಿ ಜಾರಿನಲ್ಲಿ ಎರಡೇ ಚಮಚ ಕಾಯಿತುರಿಗೆ ಒಂದು ಚಮಚ ನೀರು ಹಾಕಿ ಅರೆಯಿರಿ. ಅರ್ಧ ನಿಮಿಷದಲ್ಲಿ ಅರೆಯದೆ ಗೋಡೆಗೆ ಅಂಟಿದರೆ ಆ ಜಾರು ನಿಮ್ಮ ಮನೆಗಲ್ಲ. ಒಣಪುಡಿ ಜಾರಿನಲ್ಲಿ ಹುರಿದು ಆರಿಸಿದ ಒಂದು ಹಿಡಿ ಧನಿಯಾವನ್ನು ಪಲ್ಸ್‌ನಲ್ಲಿ ಪುಡಿಮಾಡಿ, ಸಣ್ಣ ಜರಡಿಯಲ್ಲಿ ಸೋಸಿ, ಮೇಲೆ ಉಳಿದ ತರಿ ಎಷ್ಟೆಂದು ನೋಡಿ. ದೊಡ್ಡ ಜಾರಿನಲ್ಲಿ ನಾಲ್ಕು ಗಂಟೆ ನೆನೆಸಿದ ಒಂದು ಲೋಟ ಉದ್ದಿನಬೇಳೆಯನ್ನು ರುಬ್ಬುತ್ತಾ ಯಂತ್ರದ ಮೈಗೆ ಕೈಯಿಟ್ಟು ನೋಡಿ. ಮೂರು ನಿಮಿಷದೊಳಗೆ ಸುಟ್ಟ ವಾಸನೆ ಬಂದು ಹೋಗದೆ ಉಳಿದರೆ, ಅಥವಾ ಮೋಟಾರಿನ ಸ್ವರ ಕುಗ್ಗುತ್ತಾ ಹೋದರೆ, ಮರಳಿಸಿಬಿಡಿ. ಹೊಸ ಮೋಟಾರಿನ ಮೇಲೆ ಹಚ್ಚಿದ ವಾರ್ನಿಶ್ ಮೊದಲ ಒಂದೆರಡು ಬಾರಿ ಸ್ವಲ್ಪ ವಾಸನೆ ಬೀರುವುದು ಸಹಜ, ಅದಕ್ಕೆ ಅಂಜಬೇಕಾಗಿಲ್ಲ. ಈ ಮೂರೂ ಪರೀಕ್ಷೆಗಳು ಮುಗಿಯುವವರೆಗೆ ಪೆಟ್ಟಿಗೆಯನ್ನೂ ಒಳಗಿನ ಥರ್ಮೋಕೋಲನ್ನೂ ಎಸೆಯಬೇಡಿ.